ಸಿಪಾಯಿಗಳ ನಾಟಕ ಆಡಿಸಿದ ಒಂಬತ್ತು ತಿಂಗಳು

ಇಂಗ್ಲೆಂಡಿನ ನಡುನಾಡಿನ ಒಂದು ಸಣ್ಣ ಊರಿನಲ್ಲಿ ನಾನು ಹನ್ನೊಂದು ವರ್ಷದಿಂದ ನೆಲೆಸಿದ್ದೇನೆ. ಇಲ್ಲಿನ ಹವ್ಯಾಸಿ ರಂಗತಂಡಕ್ಕೆ ಸೇರಿ ಮೂರು ವರ್ಷವಾಯಿತು. ಕಳೆದ ಮೇ ತಿಂಗಳ ಎರಡನೆಯ ವಾರದಲ್ಲಿ, ಬುಧವಾರದಿಂದ ಶನಿವಾರದವರೆಗೆ, ನಾವು ಆರ್ನಲ್ಡ್ ವೆಸ್ಕರ್ ಅವರ ‘ಚಿಪ್ಸ್ ವಿತ್ ಎವ್ರಿಥಿಂಗ್’ ನಾಟಕದ ನಾಲ್ಕು ಪ್ರದರ್ಶನಗಳನ್ನು ಮುಗಿಸಿದೆವು. ಪ್ರದರ್ಶನ ನಾಲ್ಕೇ ದಿನದ್ದಾದರೂ ಅದರ ಕೆಲಸ ಹಿಂದಿನ ಸೆಪ್ಟೆಂಬರಿನಿಂದಲೇ ನಡೆದಿತ್ತು. ಪರವಾನಗಿ, ಬಂದೂಕು, ಬೂಟು, ಗಂಡಸರ ಕೊರತೆ ಹೀಗೆ ಒಂದೊಂದೇ ತೊಡಕು ಎದುರಾದಾಗ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಂದು ಅನಿಸಿದ್ದರಿಂದ, ಈ ದೇಶದಲ್ಲಿ ನಾಟಕದ ಚಟ ಬಿಡಲಾರದ ಕನ್ನಡಿಗರಿಗೆ ಉಪಯೋಗವಾದೀತೆಂದು ಎಲ್ಲವನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾಟಕವನ್ನು ಆರಿಸಿದವರು ನಮ್ಮ ನಿರ್ದೇಶಕಿ. ಅವರು ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತರ ಹತ್ತಿರದವರು. ಕಾರ್ಯದರ್ಶಿಯ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಕಾಗದಪತ್ರದ ಕೆಲಸ ನನಗೆ ಚೆನ್ನಾಗಿ ಒಗ್ಗುತ್ತದೆ ಎಂದು ಯಾರೋ ಹೇಳಿದರು. ವೀಸಾ ಅರ್ಜಿಗಳನ್ನು ತುಂಬಿ ತುಂಬಿ ಪಳಗಿದ ಕೈ ಎಂಬುದು ಅವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ ತಿಳಿಯದು, ನನ್ನ ಮನಸ್ಸಿನಲ್ಲಂತೂ ಇತ್ತು.

ನಾಟಕದ ಹಿನ್ನೆಲೆಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ನಿಲ್ಲಲಿಲ್ಲ. 1948ರ ಕಾಯ್ದೆ 1949ರ ಜನವರಿ 1ರಿಂದ ಜಾರಿಗೆ ಬಂದು, ಆರೋಗ್ಯವಂತ ತರುಣರೆಲ್ಲ ಹದಿನೆಂಟು ತಿಂಗಳು ಸೈನ್ಯದಲ್ಲಿರಬೇಕಾಯಿತು. ಕೊರಿಯಾ ಯುದ್ಧ ಶುರುವಾದ 1950ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿದರು. ಕೊನೆಯ ತಂಡವನ್ನು ಸೇರಿಸಿಕೊಂಡದ್ದು 1960ರ ಕೊನೆಗೆ, ಕೊನೆಯವನು ಮನೆಗೆ ಮರಳಿದ್ದು 1963ರಲ್ಲಿ. ಲಂಡನ್ನಿನ ಪೂರ್ವಭಾಗದ ಸ್ಟೆಪ್ನಿಯಲ್ಲಿ 1932ರಲ್ಲಿ ಬಡ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ವೆಸ್ಕರ್ 1950ರಿಂದ 1952ರವರೆಗೆ ವಾಯುಪಡೆಯಲ್ಲಿ ಈ ಸೇವೆ ಸಲ್ಲಿಸಿದರು. ಆಗ ಊರಿಗೆ ಬರೆದ ಕಾಗದಗಳಿಂದಲೇ ಈ ನಾಟಕ ಬೆಳೆಯಿತು. ಜಾನ್ ಡೆಕ್ಸ್‌ಟರ್ ಅವರ ನಿರ್ದೇಶನದಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಅದು ಮೊದಲು ರಂಗವೇರಿದ್ದು 1962ರ ಏಪ್ರಿಲ್ 27ರಂದು. ಅಂದರೆ ಪ್ರೇಕ್ಷಕರು ನಾಟಕ ನೋಡುತ್ತಿದ್ದಾಗ ಕೊನೆಯ ತಂಡದ ಹುಡುಗರು ಇನ್ನೂ ಬ್ಯಾರಕ್ಕುಗಳಲ್ಲಿ ಬೂಟು ತಿಕ್ಕುತ್ತಿದ್ದರು.

ಕಥೆ ನೇರವಾದದ್ದು. ಒಂಬತ್ತು ಮಂದಿ ಹೊಸ ಹುಡುಗರು ವಾಯುಪಡೆಯ ಗುಡಿಸಲೊಂದಕ್ಕೆ ಬರುತ್ತಾರೆ. ಎಂಟು ಮಂದಿ ದುಡಿಯುವ ಮನೆಗಳವರು. ಒಬ್ಬನಾದ ಪಿಪ್ ಥಾಂಪ್ಸನ್ ಮಾತ್ರ ದೊಡ್ಡ ಮನೆತನದವನು, ತಂದೆ ಜನರಲ್ ಆಗಿದ್ದವನು. ಅವನು ಅಧಿಕಾರಿಯಾಗಲು ಒಲ್ಲದೆ ಈ ಹುಡುಗರ ಜೊತೆಯೇ ಇರುತ್ತೇನೆಂದು ಹಟ ಹಿಡಿಯುತ್ತಾನೆ. ಅವನನ್ನು ಮುರಿದು ಅಧಿಕಾರಿಗಳ ಸಾಲಿಗೆ ಎಳೆದುಕೊಳ್ಳುವುದೇ ನಾಟಕದ ನಡೆ. ಪೆಟ್ಟಿನಿಂದ ಅವನು ಬಗ್ಗುವುದಿಲ್ಲ. ನೀನು ಈ ಬಡವರ ನಡುವೆ ಉಳಿದದ್ದು ಪ್ರೀತಿಗಲ್ಲ, ಅವರ ಮೇಲೆ ದೊಡ್ಡಸ್ತಿಕೆ ನಡೆಸಲು ಎಂದು ಒಬ್ಬ ಅಧಿಕಾರಿ ಹೇಳಿದಾಗ ಬಗ್ಗುತ್ತಾನೆ.

ಈಗ ಪರವಾನಗಿಯ ವಿಷಯ. ವೆಸ್ಕರ್ ತೀರಿಕೊಂಡದ್ದು 2016ರಲ್ಲಿ. ಇಲ್ಲಿನ ಕಾನೂನಿನಂತೆ ಲೇಖಕರು ತೀರಿದ ವರ್ಷದ ಕೊನೆಯಿಂದ ಎಪ್ಪತ್ತು ವರ್ಷ ಹಕ್ಕು ಇರುತ್ತದೆ. ಟಿಕೆಟ್ ಇರಲಿ ಬಿಡಲಿ, ಸಾರ್ವಜನಿಕವಾಗಿ ಆಡಬೇಕಾದರೆ ಹಕ್ಕುಗಳನ್ನು ನೋಡಿಕೊಳ್ಳುವ ಏಜೆನ್ಸಿಯಿಂದ ಲಿಖಿತ ಅನುಮತಿ ಬೇಕು. ಅಕ್ಟೋಬರ್ ಮೊದಲ ವಾರ ಅರ್ಜಿ ಹಾಕಿದೆ. ಸಭಾಂಗಣದ ಆಸನ ಸಂಖ್ಯೆ, ಟಿಕೆಟ್ ದರ, ದಿನಾಂಕಗಳು, ಕೊನೆಗೆ ನಮ್ಮ ತಂಡ ಹವ್ಯಾಸಿಯೇ ಎಂಬ ಪ್ರಶ್ನೆ, ಇಷ್ಟೇ ಇದ್ದದ್ದು. ಎರಡು ವಾರದಲ್ಲಿ ಉತ್ತರ ಬರುತ್ತದೆಂದುಕೊಂಡಿದ್ದೆವು, ಏಳು ವಾರ ಹಿಡಿಯಿತು. ಹತ್ತಿರದ ಊರುಗಳಲ್ಲಿ ವೃತ್ತಿಪರ ತಂಡವೇನಾದರೂ ಅದೇ ನಾಟಕವನ್ನು ಎತ್ತಿಕೊಂಡಿದ್ದರೆ ಹವ್ಯಾಸಿಗಳಿಗೆ ಕೊಡುವುದಿಲ್ಲ. ಅದನ್ನು ವಿಚಾರಿಸಲು ತಡವಾಗುತ್ತದೆ ಎಂದು ಫೋನಿನಲ್ಲಿ ತಿಳಿಸಿದರು.

ಈ ನಡುವೆ ನಮ್ಮವರೇ ಒಂದು ಎಡವಟ್ಟು ಮಾಡಿದರು. ನವೆಂಬರಿನ ಇನ್ನೊಂದು ನಾಟಕದ ಕಾರ್ಯಕ್ರಮ ಪತ್ರಿಕೆಯ ಹಿಂಬದಿಯಲ್ಲಿ ‘ಮೇ ತಿಂಗಳಲ್ಲಿ ನಿರೀಕ್ಷಿಸಿ’ ಎಂದು ಈ ನಾಟಕದ ಹೆಸರನ್ನು ಅಚ್ಚು ಹಾಕಿಸಿಬಿಟ್ಟರು. ಪರವಾನಗಿ ಕೈಗೆ ಬರುವ ಮೊದಲು ಜಾಹೀರಾತು ಮಾಡಕೂಡದೆಂಬುದು ಅರ್ಜಿಯ ಮೊದಲ ಷರತ್ತು. ಅಚ್ಚಾದ ಮುನ್ನೂರು ಪ್ರತಿಗಳ ಹಿಂಬದಿಗೆ ನಾನೂ ನನ್ನ ಹೆಂಡತಿಯೂ ಒಂದು ಭಾನುವಾರವಿಡೀ ಕೂತು ಬಿಳಿ ಚೀಟಿ ಅಂಟಿಸಿದೆವು. ಷರತ್ತುಗಳಲ್ಲಿ ಇನ್ನೊಂದನ್ನೂ ಗಮನಿಸಿ: ಮಾತುಗಳನ್ನು ಕತ್ತರಿಸುವುದಕ್ಕಾಗಲಿ, ಗಂಡು ಪಾತ್ರವನ್ನು ಹೆಣ್ಣಾಗಿಸುವುದಕ್ಕಾಗಲಿ ಬೇರೆಯೇ ಅನುಮತಿ ಬೇಕು. ಈ ನಾಟಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಾತ್ರಗಳಿದ್ದು ಒಂದೂ ಹೆಣ್ಣು ಪಾತ್ರವಿಲ್ಲ. ನಮ್ಮ ತಂಡದಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಮತ್ತೊಂದು ಅರ್ಜಿ ಹಾಕಿ ಮತ್ತೆ ಏಳು ವಾರ ಕಾಯುವ ಧೈರ್ಯ ನಮಗೆ ಬರಲಿಲ್ಲ. ಹೆಂಗಸರ ಮುನಿಸು ಕ್ರಿಸ್‌ಮಸ್‌ವರೆಗೂ ಇತ್ತು, ಅದು ನ್ಯಾಯವಾದ ಮುನಿಸೇ.

ನಾಟಕದ ಪುಸ್ತಕದ ಪ್ರತಿಗಳ ಬಗ್ಗೆಯೂ ಒಂದು ಮಾತು. ಹಣ ಉಳಿಸಲೆಂದು ಮೊದಲು ಹಳೆಯ ಪುಸ್ತಕದಂಗಡಿಗಳಿಂದ ಆರು ಪ್ರತಿ ತರಿಸಿದೆ. ಒಂದೊಂದೂ ಒಂದೊಂದು ಮುದ್ರಣವಾಗಿ, ತಾಲೀಮಿನಲ್ಲಿ ‘ಪುಟ ಮೂವತ್ತೊಂದು’ ಎಂದರೆ ಆರು ಜನ ಆರು ದೃಶ್ಯ ತೆರೆಯುತ್ತಿದ್ದರು. ಕೊನೆಗೆ ಒಂದೇ ಮುದ್ರಣದ 24 ಪ್ರತಿಗಳನ್ನು ತಲಾ 11 ಪೌಂಡಿಗೆ ಕೊಂಡೆವು. ಜೆರಾಕ್ಸ್ ಮಾಡಿಸುವ ಯೋಚನೆಯನ್ನೇ ಮಾಡಬೇಡಿ, ಅದೂ ಷರತ್ತಿನಲ್ಲಿದೆ.

ಜನವರಿಯಲ್ಲಿ ಪಾತ್ರಗಳ ಆಯ್ಕೆಗೆ ಕರೆದಾಗ ಬಂದ ಗಂಡಸರು ಹನ್ನೊಂದು ಮಂದಿ, ಅವರಲ್ಲಿ ಮೂವತ್ತು ದಾಟದವರು ಇಬ್ಬರು. ಹದಿನೆಂಟು ವರ್ಷದ ಹುಡುಗರ ನಾಟಕಕ್ಕೆ ಮಂಡಿನೋವಿನ ಒಂಬತ್ತು ಜನರನ್ನು ನಿಲ್ಲಿಸಿ ಕವಾಯತು ಮಾಡಿಸುವಂತಿರಲಿಲ್ಲ. ನಿರ್ದೇಶಕಿ ಎರಡು ಕಡೆ ಬಲೆ ಬೀಸಿದರು. ಒಂದು, ಊರಾಚೆಯ ಖಾಸಗಿ ಶಾಲೆ. ಇನ್ನೊಂದು, ಹೆದ್ದಾರಿಯ ಪಕ್ಕದ ಸರಕು ಗೋದಾಮು. ಶಾಲೆಯಿಂದ ನಾಲ್ವರು ಬಂದರು, ಗೋದಾಮಿನಿಂದ ಐವರು. ಮೊದಲ ಓದಿನ ದಿನ ಚಹಾಕ್ಕೆ ಬಿಟ್ಟಾಗ ನಾಲ್ವರು ಕಿಟಕಿಯ ಬಳಿ ನಿಂತರು, ಐವರು ಹೊರಗೆ ಹೋಗಿ ಸೈಕಲ್ ನಿಲ್ಲಿಸುವ ಕಡೆ ನಿಂತರು. ಯಾರೂ ಯಾರನ್ನೂ ದೂರ ಮಾಡಿರಲಿಲ್ಲ, ತಾವಾಗಿಯೇ ಬೇರೆಯಾಗಿ ನಿಂತಿದ್ದರು. ನಿರ್ದೇಶಕಿ ನನ್ನ ಕಿವಿಯಲ್ಲಿ, ‘ರಂಗಸಜ್ಜಿಕೆ ಅರ್ಧ ಸಿದ್ಧವಾಯಿತು ನೋಡಿ’ ಎಂದರು.

ಪಿಪ್ ಪಾತ್ರ ಸಹಜವಾಗಿ ಖಾಸಗಿ ಶಾಲೆಯ ಹುಡುಗನೊಬ್ಬನಿಗೆ ಹೋಯಿತು. ನನಗೆ ನಲವತ್ಮೂರು ವರ್ಷವಾದ್ದರಿಂದಲೂ ಬೇರೆ ಯಾರೂ ಸಿಗದ್ದರಿಂದಲೂ ವಾಯುಪಡೆಯ ಹಿರಿಯ ಅಧಿಕಾರಿಯಾದ ವಿಂಗ್ ಕಮಾಂಡರನ ಪಾತ್ರ ನನ್ನ ತಲೆಗೆ ಬಂತು. ಮಾರ್ಚಿ ಮೊದಲ ವಾರ ಪಿಪ್ ಕೈಕೊಟ್ಟ. ಮೇ ತಿಂಗಳ ನಡುವಿಗೆ ಅವನ ದೊಡ್ಡ ಪರೀಕ್ಷೆಗಳು, ತಾಯ್ತಂದೆಯರು ಒಪ್ಪಲಿಲ್ಲವಂತೆ. ಮುಂದೆ ಯಾರಾದರೂ ಈ ವಯಸ್ಸಿನ ಹುಡುಗರನ್ನು ಹಾಕಿಕೊಂಡು ನಾಟಕ ಆಡಿಸುವುದಾದರೆ ಈಸ್ಟರ್‌ಗೆ ಮೊದಲೇ ಮುಗಿಸಿಕೊಳ್ಳಿ, ಇಲ್ಲವೇ ಜುಲೈಗೆ ಹಾಕಿಕೊಳ್ಳಿ.

ಉಳಿದವರಲ್ಲಿ ಅಷ್ಟು ಮಾತನ್ನು ಬಾಯಿಪಾಠ ಮಾಡಬಲ್ಲವನು ಗೋದಾಮಿನ ಒಬ್ಬನೇ. ರಾತ್ರಿ ಪಾಳಿಯಲ್ಲಿ ಹನ್ನೆರಡು ಜನರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ, ಇಪ್ಪತ್ತೊಂದರ ಚುರುಕು ಹುಡುಗ. ಆದರೆ ಅವನ ನಾಲಿಗೆ ಈ ನೆಲದ್ದು. ‘ಬಸ್’ ಅವನ ಬಾಯಲ್ಲಿ ‘ಬುಸ್’, ‘ಕಪ್’ ಎಂಬುದು ‘ಕುಪ್’, ‘ಬಾತ್’ ಎಂಬುದು ‘ಬ್ಯಾತ್’. ಪಿಪ್ ಬಾಯಿ ತೆರೆದ ಮರುಕ್ಷಣವೇ ಗುಡಿಸಲಿನ ಉಳಿದವರಿಗೆ ಇವನು ನಮ್ಮವನಲ್ಲ ಎಂದು ತಿಳಿಯಬೇಕು. ಇಡೀ ನಾಟಕ ನಿಂತಿರುವುದೇ ಆ ಸ್ವರದ ಮೇಲೆ. ಉಚ್ಚಾರಣೆ ಕಲಿಸಲು ಯಾರಿದ್ದಾರೆ ಎಂದು ನಿರ್ದೇಶಕಿ ಸುತ್ತ ನೋಡಿದರು. ಅವರದೂ ಇಲ್ಲಿನದೇ ಮಾತು. ಕಡೆಗೆ ಕಣ್ಣು ನನ್ನ ಮೇಲೆ ನಿಂತಿತು.

ಮೈಸೂರಿನ ಕಾನ್ವೆಂಟ್ ಶಾಲೆಯಲ್ಲಿ ಒಬ್ಬ ಸಿಸ್ಟರ್ ಅಡಿಕೋಲು ಹಿಡಿದು ಕಲಿಸಿದ ‘ಬಾತ್’ ನನ್ನ ನಾಲಿಗೆಯಲ್ಲಿ ಹಾಗೆಯೇ ಕೂತಿತ್ತು. ಹೀಗಾಗಿ ಮಾರ್ಚಿಯಿಂದ ಮೇವರೆಗೆ, ವಾರಕ್ಕೆ ಎರಡು ಸಂಜೆ, ಒಬ್ಬ ಇಂಗ್ಲಿಷ್ ಹುಡುಗನಿಗೆ ಅವನ ದೇಶದ ದೊಡ್ಡ ಮನುಷ್ಯರು ಮಾತಾಡುವ ಬಗೆಯನ್ನು ಮೈಸೂರಿನವನಾದ ನಾನು ನನ್ನ ಅಡಿಗೆಮನೆಯ ಮೇಜಿನ ಬಳಿ ಕೂತು ಕಲಿಸಿದೆ. ಅವನು ಸ್ವರಗಳನ್ನು ಬೇಗ ಹಿಡಿದ. ಹಿಡಿಯಲಾರದೆ ಹೋದದ್ದು ನಿಧಾನವನ್ನು. ದೊಡ್ಡವರ ಮಾತಿನಲ್ಲಿ ಅವಸರವಿರುವುದಿಲ್ಲ, ನಡುವೆ ಯಾರೂ ಬಾಯಿ ಹಾಕುವುದಿಲ್ಲವೆಂಬ ನೆಮ್ಮದಿ ಇರುತ್ತದೆ. ಗೋದಾಮಿನಲ್ಲಿ ಗಾಡಿಗಳ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲಿಗೆ ಅದು ಬರಲು ಆರು ವಾರ ಬೇಕಾಯಿತು. ಒಂದು ಸಂಜೆ ಅವನು, ‘ನೀವು ಅಧಿಕಾರಿಗಳ ಹಾಗೆ ಮಾತಾಡುತ್ತೀರಿ, ಆದರೂ ಜನ ನಿಮ್ಮನ್ನೇ ಯಾವ ದೇಶದವರೆಂದು ಕೇಳುತ್ತಾರೆ, ನನ್ನನ್ನು ಯಾರೂ ಕೇಳುವುದಿಲ್ಲ, ಆದರೆ ಬಾಯಿ ತೆರೆದರೆ ಸಾಕು ಗೋದಾಮಿನವನೆಂದು ತಿಳಿದುಬಿಡುತ್ತದೆ’ ಎಂದ. ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ನನಗೆ ನಗು ಬರಲಿಲ್ಲ.

ಕವಾಯತು ಕಲಿಸಿದವರು ನಮ್ಮ ಹೆಂಗಸರಲ್ಲೇ ಒಬ್ಬರು. ಮಹಿಳಾ ವಾಯುಪಡೆ ಪ್ರತ್ಯೇಕವಾಗಿ ಇದ್ದ ಕಾಲದಲ್ಲಿ, ಎಂದರೆ 1994ಕ್ಕೆ ಮೊದಲು, ಅದರಲ್ಲಿ ಕಾರ್ಪೊರಲ್ (ಸಿಪಾಯಿಗಳ ಮೇಲಿನ ಸಣ್ಣ ದರ್ಜೆ) ಆಗಿದ್ದವರು. ಪಾತ್ರವಿಲ್ಲವೆಂದು ಎಲ್ಲರಿಗಿಂತ ಹೆಚ್ಚು ಮುನಿಸಿಕೊಂಡಿದ್ದವರೂ ಅವರೇ. ಸಭಾಂಗಣದ ಗಾಡಿ ನಿಲುಗಡೆಯಲ್ಲಿ ಅವರು ಕೂಗಿದ ‘ಅಟೆನ್ಷನ್’ ಕೇಳಿ ಮೊದಲ ದಿನವೇ ಅಕ್ಕಪಕ್ಕದವರು ಕಿಟಕಿ ತೆರೆದರು. ನಾಟಕದಲ್ಲಿ ಹುಡುಗರಿಗೆ ಕವಾಯತು ಕಲಿಸುವ ಕಾರ್ಪೊರಲ್ ಹಿಲ್ ಪಾತ್ರ ವಹಿಸಿದ ನಮ್ಮ ಗೆಳೆಯರು ಅವರ ಹಿಂದೆ ನಿಂತು ಒಂದೊಂದು ಕೂಗನ್ನೂ ಕಲಿತರು.

ಇಲ್ಲಿ ಬಂದೂಕಿನ ವಿಷಯ ಹೇಳಬೇಕು. ನೋಡಲು ನಿಜದಂತಿರುವ ನಕಲಿ ಬಂದೂಕನ್ನು ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಹಿಡಿದಿರುವುದು ಈ ದೇಶದಲ್ಲಿ ಅಪರಾಧ. ನಾಟಕದ ಬಳಕೆಗೆ ಮಾರಲು, ಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಬೀದಿಯಲ್ಲಿ ಕಂಡವರಿಗೆ ಅದು ನಾಟಕದ್ದೆಂದು ತಿಳಿಯುವುದಿಲ್ಲ. ಆದ್ದರಿಂದ ಹೊರಗಿನ ತಾಲೀಮೆಲ್ಲ ಪೊರಕೆಯ ಕೋಲುಗಳಲ್ಲೇ ನಡೆಯಿತು. ರಬ್ಬರಿನ ಒಂಬತ್ತು ರೈಫಲ್‌ಗಳು ಕೊನೆಯ ವಾರ ಬಂದಾಗ ಪೊಲೀಸರ ತುರ್ತಲ್ಲದ ಸಂಖ್ಯೆ 101ಕ್ಕೆ ಫೋನ್ ಮಾಡಿ ಸ್ಥಳ, ದಿನಾಂಕ, ಸಂಖ್ಯೆ ಎಲ್ಲವನ್ನೂ ದಾಖಲು ಮಾಡಿಸಿ, ಕಂಬಳಿಯಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿ ಸಾಗಿಸಿದೆ. ಸಮವಸ್ತ್ರಕ್ಕೂ ಒಂದು ಕಾಯ್ದೆ ಉಂಟು. 1894ರಷ್ಟು ಹಳೆಯದಾದ ಅದು ಸೈನಿಕರಲ್ಲದವರು ಸೈನ್ಯದ ಸಮವಸ್ತ್ರ ತೊಡುವುದನ್ನು ತಡೆದು, ನಾಟಕದಂಥ ಪ್ರದರ್ಶನಗಳಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಇದನ್ನು ಹುಡುಗರಿಗೆ ಎರಡು ಸಲ ಓದಿ ಹೇಳಿದ್ದರೂ ಪೂರ್ಣ ಉಡುಪಿನ ತಾಲೀಮು ಮುಗಿದ ರಾತ್ರಿ ಮೂವರು ಹಾಗೆಯೇ ಪಬ್ಬಿಗೆ ಹೋಗಿ ಕೂತಿದ್ದರು. ಅಲ್ಲಿನ ಮುದುಕರೊಬ್ಬರು ಗೌರವದಿಂದ ಮೂವರಿಗೂ ಬಿಯರ್ ಕೊಡಿಸಿದರಂತೆ. ಕುಡಿದು ಬಂದರೇ ಹೊರತು ನಿಜ ಹೇಳಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಿಜವಾಗಿ ಕಡ್ಡಾಯ ಸೇವೆ ಮಾಡಿದ ಒಬ್ಬರು ನಮ್ಮ ಊರಿನಲ್ಲಿ ಇದ್ದದ್ದು ನಮ್ಮ ಪುಣ್ಯ. ಎಂಬತ್ತೇಳರ ಅಜ್ಜ, ಕೈ ನಡುಗುತ್ತದೆ, ಕಿವಿ ಮಂದ. ಏಪ್ರಿಲಿನ ಒಂದು ಭಾನುವಾರ ಅವರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಬಾಡಿಗೆಗೆ ತಂದ ಬೂಟುಗಳನ್ನು ಅವರ ಮುಂದಿಟ್ಟೆವು. ಬೂಟನ್ನು ಅವರು ಮೊದಲು ಮೂಸಿ ನೋಡಿದರು. ಆಮೇಲೆ ಮೇಣದಬತ್ತಿ, ಹಳೆಯ ಚಮಚ, ಕರಿ ಪಾಲಿಶ್ ಡಬ್ಬಿ, ಹತ್ತಿಬಟ್ಟೆ ಕೇಳಿದರು. ಚಮಚದ ಹಿಡಿಯನ್ನು ಬತ್ತಿಯ ಮೇಲೆ ಕಾಯಿಸಿ, ಬೂಟಿನ ಮೂತಿಯ ಚರ್ಮದ ಮೇಲಿನ ಬೊಕ್ಕೆಬೊಕ್ಕೆಯನ್ನು ಅದರಿಂದ ಒತ್ತಿ ಸಮ ಮಾಡಿದರು. ಸುಟ್ಟ ಮೇಣದ ವಾಸನೆ ಕೋಣೆ ತುಂಬಿತು. ಬಟ್ಟೆಯನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿ, ಉಗುಳು ತಾಗಿಸಿ, ಚಿಟಿಕೆ ಪಾಲಿಶ್ ತೆಗೆದುಕೊಂಡು ಸಣ್ಣ ಸಣ್ಣ ಸುತ್ತಾಗಿ ಉಜ್ಜತೊಡಗಿದರು. ಉಜ್ಜುವಾಗ ಕೈ ನಡುಗಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬೂಟಿನ ಮೂತಿಯಲ್ಲಿ ಮೇಲಿನ ಟ್ಯೂಬ್‌ಲೈಟು ಗೆರೆಯಂತೆ ಕಂಡಿತು. ‘ಇನ್ನೊಂದು ಬೂಟು ನಾಳೆ ಬೆಳಗ್ಗೆಯೊಳಗೆ ಹೀಗಿರಬೇಕು, ಇಲ್ಲದಿದ್ದರೆ ರಜೆ ಇಲ್ಲ’ ಎಂದು ಹುಡುಗರ ಕಡೆ ನೋಡದೆಯೇ ಹೇಳಿದರು. ಅವರ ಗುಡಿಸಲಿನಲ್ಲೂ ಒಬ್ಬ ದೊಡ್ಡ ಶಾಲೆಯ ಹುಡುಗನಿದ್ದನಂತೆ. ಎರಡನೆಯ ವಾರವೇ ಅವನ ಹಾಸಿಗೆ ಖಾಲಿಯಾಯಿತಂತೆ. ಎಲ್ಲಿಗೆ ಹೋದನೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು ಎಂದರು.

ಇದನ್ನೆಲ್ಲ ಮೈಸೂರಿನಲ್ಲಿರುವ ನನ್ನ ತಂದೆಯವರಿಗೆ ವಿಡಿಯೋ ಕರೆಯಲ್ಲಿ ಹೇಳಿದಾಗ ಅವರು ತಮ್ಮ ಕಾಲೇಜಿನ ಎನ್‌ಸಿಸಿ ನೆನಪು ತೆಗೆದರು. ನಮ್ಮಲ್ಲಿ ಕಡ್ಡಾಯ ಸೈನಿಕ ಸೇವೆ ಎಂದೂ ಇರಲಿಲ್ಲ. ಆದರೆ ಚೀನಾ ಯುದ್ಧದ ಬಳಿಕ 1963ರಿಂದ 1968ರವರೆಗೆ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಿತ್ತು. ‘ನೋಡಪ್ಪ, ಖಾಕಿ ಎಲ್ಲರಿಗೂ ಒಂದೇ ಕೊಟ್ಟರು. ಆದರೆ ಅದನ್ನು ಸ್ವಂತ ದರ್ಜಿಯ ಹತ್ತಿರ ಬಿಗಿ ಮಾಡಿಸಿಕೊಂಡವರೇ ಮುಂದಿನ ಸಾಲಿಗೆ ಹೋದರು’ ಎಂದರು. ಪೆರೇಡ್ ಮುಗಿದ ಮೇಲೆ ಕೊಡುತ್ತಿದ್ದ ತಿಂಡಿಯನ್ನು ಕೆಲವರು ಮುಟ್ಟದೆ ಬಿಟ್ಟು ಹೋಗುತ್ತಿದ್ದರಂತೆ, ಹಾಸ್ಟೆಲಿನ ಕೆಲವರು ಅದನ್ನು ಕಾಗದದಲ್ಲಿ ಕಟ್ಟಿಕೊಂಡು ರಾತ್ರಿಗೆ ಇಟ್ಟುಕೊಳ್ಳುತ್ತಿದ್ದರಂತೆ. ‘ನೀವು ಯಾವ ಗುಂಪು?’ ಎಂದೆ. ಸಿಗ್ನಲ್ ಸರಿಯಿಲ್ಲವೆಂದು ಅವರು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ನನ್ನ ಪಾತ್ರದಲ್ಲಿ ಒಂದೇ ದೊಡ್ಡ ದೃಶ್ಯ, ಕ್ರಿಸ್‌ಮಸ್ ರಾತ್ರಿಯ ಕೂಟ. ವಿಂಗ್ ಕಮಾಂಡರ್ ಹುಡುಗರನ್ನು ಏನಾದರೂ ಹಾಡಿ ಕುಣಿಯಿರೆಂದು ಹುರಿದುಂಬಿಸುತ್ತಾನೆ. ಅವರಿಂದ ಅಗ್ಗದ ಪಾಪ್ ಹಾಡನ್ನೋ ಪೋಲಿ ಪದ್ಯವನ್ನೋ ಎದುರುನೋಡುತ್ತಿರುತ್ತಾನೆ. ಬದಲಿಗೆ ಒಬ್ಬ ಹುಡುಗ ಹಳೆಯ ಶೋಕಗೀತೆಯೊಂದನ್ನು ಹೇಳುತ್ತಾನೆ, ಆಮೇಲೆ ಎಲ್ಲರೂ ಸೇರಿ ‘ದಿ ಕಟಿ ರೆನ್’ ಎಂಬ ಜನಪದ ಹಾಡನ್ನು ಎತ್ತಿಕೊಳ್ಳುತ್ತಾರೆ, ಅದು ಬರಬರುತ್ತ ಬೆದರಿಕೆಯಾಗುತ್ತದೆ. ತಾಲೀಮಿನಲ್ಲಿ ನಾನು ತಿರಸ್ಕಾರ ತೋರಿಸಲೆಂದು ಗದರುತ್ತಿದ್ದೆ, ಹುಬ್ಬು ಗಂಟಿಕ್ಕುತ್ತಿದ್ದೆ. ನಿರ್ದೇಶಕಿ ಮೂರು ವಾರ ಸಹಿಸಿ ಒಂದು ದಿನ ಬದಿಗೆ ಕರೆದು, ‘ಊರಿನಲ್ಲಿ ನಿಮ್ಮ ಮನೆಗೆ ಕೆಲಸದವರು ಬರುತ್ತಿದ್ದರೇ?’ ಎಂದು ಕೇಳಿದರು. ಬರುತ್ತಿದ್ದರು ಎಂದೆ. ‘ಹಾಗಾದರೆ ಅವರೊಡನೆ ಮಾತಾಡುವಂತೆ ಮಾತಾಡಿ.’

ನನಗೆ ಥಟ್ಟನೆ ನೆನಪಾದದ್ದು ನಮ್ಮ ಅಜ್ಜಿ. ಯುಗಾದಿಯ ದಿನ ಹಿತ್ತಿಲ ಬಾಗಿಲಲ್ಲಿ ಪಾತ್ರೆ ತೊಳೆದು ನಿಂತ ಹೆಂಗಸಿಗೆ ಹೋಳಿಗೆ ಕೊಡುವ ಮೊದಲು, ಬಂದ ನೆಂಟರ ಎದುರು, ‘ಒಂದು ಪದ ಹೇಳೇ, ಚೆನ್ನಾಗಿ ಹೇಳ್ತೀಯ’ ಎಂದು ಅಕ್ಕರೆಯಿಂದಲೇ ಕೇಳುತ್ತಿದ್ದರು. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಂದು ಸೋಬಾನೆ ಪದ ಹೇಳುವಳು. ನೆಂಟರು ನಗುವರು. ನಾನೂ ನಗುತ್ತಿದ್ದೆ. ಅಜ್ಜಿಯ ದನಿಯಲ್ಲಿ ಎಳ್ಳಷ್ಟೂ ಒರಟುತನವಿರಲಿಲ್ಲ. ಅಂದಿನಿಂದ ವಿಂಗ್ ಕಮಾಂಡರನ ಮಾತನ್ನು ನಾನು ಆ ದನಿಯಲ್ಲೇ ಹೇಳಿದೆ. ಗೋದಾಮಿನ ಹುಡುಗರು ಹಾಡುತ್ತ ಮೇಜಿನ ಮೇಲೆ ಗುದ್ದುವುದನ್ನು ಹೆಚ್ಚು ಮಾಡಿದರು, ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ತಾಲೀಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಮಾತೇ ಇಲ್ಲದ ಒಂದು ದೃಶ್ಯ. ಚಳಿ ತಾಳಲಾರದೆ ಹುಡುಗರು ಪಿಪ್‌ನ ಯೋಜನೆಯಂತೆ ತಂತಿಬೇಲಿಯಾಚೆಯ ಕಲ್ಲಿದ್ದಲ ಕೋಕ್ ಕದಿಯುತ್ತಾರೆ. ಕಾವಲುಗಾರ ಆಚೆ ಹೋಗಿ ಈಚೆ ಬರುವುದರೊಳಗೆ ಕುರ್ಚಿ, ಬಕೆಟ್ಟು, ಮನುಷ್ಯರು ಎಲ್ಲ ಬೇಲಿ ದಾಟಿ ಮರಳಿರಬೇಕು. ಮೊದಲು ಬಾರ್ಬೆಕ್ಯೂ ಇದ್ದಿಲು ಬಳಸಿ ಸಭಾಂಗಣದ ನೆಲಹಾಸನ್ನೆಲ್ಲ ಕಪ್ಪು ಮಾಡಿ ಬೈಸಿಕೊಂಡೆವು. ಗ್ಯಾಸ್ ಬಾರ್ಬೆಕ್ಯೂಗೆ ಹಾಕುವ ಲಾವಾ ಕಲ್ಲನ್ನು ಬಳಸಿ, ಅದು ಪುಡಿಯಾಗುವುದಿಲ್ಲ, ಸದ್ದೂ ಕೋಕಿನಂತೆಯೇ ಬರುತ್ತದೆ. ಶಾಲೆಯ ಹುಡುಗರು ಈ ದೃಶ್ಯವನ್ನು ಕಾಗದದ ಮೇಲೆ ಬಾಣದ ಗುರುತು ಹಾಕಿ ಬಿಡಿಸಿಕೊಂಡರು. ಗೋದಾಮಿನವರು ಎಸೆಯುವುದು, ಹಿಡಿಯುವುದು, ಕಣ್ಣಲ್ಲೇ ಸನ್ನೆ ಮಾಡುವುದನ್ನು ಅಲ್ಲಿಯೇ ಮಾಡಿ ತೋರಿಸಿದರು. ಆ ವಾರದ ಚಹಾ ವಿರಾಮದಲ್ಲಿ ಮೊದಲ ಬಾರಿಗೆ ಎಲ್ಲರೂ ಸೈಕಲ್ ನಿಲ್ಲಿಸುವ ಕಡೆ ನಿಂತಿದ್ದರು. ಪ್ರದರ್ಶನ ಮುಗಿದ ಮೇಲೂ ಹಾಗೆಯೇ ಉಳಿದರೆಂಬ ಭ್ರಮೆ ನನಗಿಲ್ಲ.

ಸಂಗೀತದಲ್ಲೂ ಒಂದು ಪಾಠ ಕಲಿತೆ. ಜನಪದ ಹಾಡಿಗೆ ಹಕ್ಕಿನ ತೊಡಕಿಲ್ಲ. ಆದರೆ ಕೊನೆಯ ಕವಾಯತಿಗೆ ನಾವು ಬಳಸಿದ ವಾಯುಪಡೆಯ ಮಾರ್ಚ್‌ಪಾಸ್ಟ್ ಸಂಗೀತ ಹಳೆಯದಲ್ಲವೇ ಎಂದು ಉದಾಸೀನ ಮಾಡಿದ್ದೆ. ಅದನ್ನು ರಚಿಸಿದವರು ಇಬ್ಬರು, ವಾಲ್‌ಫರ್ಡ್ ಡೇವಿಸ್ ಮತ್ತು ಜಾರ್ಜ್ ಡೈಸನ್. ಮೊದಲಿನವರು 1941ರಲ್ಲೇ ತೀರಿದರೂ ಡೈಸನ್ ಬದುಕಿದ್ದದ್ದು 1964ರವರೆಗೆ. ಎಪ್ಪತ್ತು ವರ್ಷದ ಲೆಕ್ಕ ಇನ್ನೂ ಮುಗಿದಿಲ್ಲ. 60 ಪೌಂಡ್ ಬೇರೆ ಕಟ್ಟಿದೆವು.

ಪ್ರದರ್ಶನಗಳು ಚೆನ್ನಾಗಿಯೇ ಆದವು. ಮುಖದಲ್ಲಿ ಹುಟ್ಟಾ ನಗೆಯಿರುವ ಸ್ಮೈಲರ್ ಎಂಬ ಹುಡುಗ ಮೇಲಿನವರ ಕಾಟ ತಾಳದೆ ಓಡಿಹೋಗಿ, ರಕ್ತ ಸುರಿಯುವ ಕಾಲುಗಳಲ್ಲಿ ಮರಳಿ ಬಂದಾಗ ಸಭಾಂಗಣದಲ್ಲಿ ಕೆಮ್ಮಿನ ಸದ್ದೂ ಇರಲಿಲ್ಲ. ನಮ್ಮ ಪಿಪ್ ರಂಗದ ಮೇಲೆಯೇ ಸಿಪಾಯಿಯ ಅಂಗಿ ಕಳಚಿ ಅಧಿಕಾರಿಯ ಉಡುಪು ತೊಟ್ಟು, ನಾನು ಕಲಿಸಿದ ನಿಧಾನದಲ್ಲಿ ಮಾತಾಡಿದ. ಗುರುವಾರ ಅವನ ತಾಯಿ ಬಂದಿದ್ದರು. ಎಲ್ಲರೂ ಹೊಗಳುತ್ತಿದ್ದಾಗ ಆಕೆ, ‘ಚೆನ್ನಾಗಿ ಮಾಡಿದ. ಆದರೆ ಆ ದನಿಯನ್ನು ಅವನು ಮನೆಗೆ ತರುವುದು ಬೇಡ’ ಎಂದು ನನ್ನನ್ನೇ ನೋಡಿ ಹೇಳಿದರು. ಶನಿವಾರ ಅಜ್ಜ ಮುಂದಿನ ಸಾಲಿನಲ್ಲಿದ್ದರು. ಕೊನೆಗೆ ನುಡಿಸಿದ ರಾಷ್ಟ್ರಗೀತೆಗೆ ಅರ್ಧ ಜನ ಎದ್ದರು, ಅರ್ಧ ಜನ ನಾಟಕದ ಭಾಗವೋ ಅಲ್ಲವೋ ತಿಳಿಯದೆ ಒಬ್ಬರನ್ನೊಬ್ಬರು ನೋಡಿದರು. ಅಜ್ಜ ಏಳಲಿಲ್ಲ. ಅವರ ಕಣ್ಣು ಹುಡುಗರ ಬೂಟಿನ ಮೇಲಿತ್ತು.

ಲೆಕ್ಕ ಬೇಕಾದವರಿಗೆ: ನಾಲ್ಕು ಪ್ರದರ್ಶನದ ಪರವಾನಗಿ ತೆರಿಗೆ ಸೇರಿ 442 ಪೌಂಡ್, ಪ್ರತಿಗಳಿಗೆ 264, ಇಪ್ಪತ್ತು ಜೊತೆ ಸಮವಸ್ತ್ರದ ಬಾಡಿಗೆ 640, ರೈಫಲ್‌ಗಳಿಗೆ 162, ಸಭಾಂಗಣಕ್ಕೆ 900, ಸಂಗೀತಕ್ಕೆ 60, ವಿಮೆ ಮತ್ತು ಅಚ್ಚಿಗೆ 180, ಒಟ್ಟು 2648. ತಲಾ 9 ಪೌಂಡಿನಂತೆ 311 ಟಿಕೆಟ್ ಮಾರಾಟವಾಗಿ 2799 ಬಂತು. 151 ಪೌಂಡ್ ಉಳಿಯಿತೆಂದು ಖಜಾಂಚಿ ಸಂತೋಷಪಟ್ಟ ಮೂರನೆಯ ದಿನ ಉಡುಪಿನ ಅಂಗಡಿಯಿಂದ ಪತ್ರ ಬಂತು. ಒಂಬತ್ತು ಜೊತೆ ಬೂಟುಗಳ ಮೂತಿಯ ಚರ್ಮವನ್ನು ಕಾಯಿಸಿ ಮೂಲ ಸ್ಥಿತಿಯನ್ನು ಕೆಡಿಸಿದ್ದರಿಂದ, ಜೊತೆಗೆ 14ರಂತೆ 126 ಪೌಂಡನ್ನು ಠೇವಣಿಯಲ್ಲಿ ಮುರಿದುಕೊಂಡಿದ್ದರು. ಒಪ್ಪಂದದ ನಾಲ್ಕನೆಯ ಪುಟದಲ್ಲಿ ಆ ಷರತ್ತು ಇದ್ದದ್ದು ನಿಜ, ನಾನು ಓದಿರಲಿಲ್ಲ. ಅಜ್ಜನಿಗೆ ಈ ಸಂಗತಿ ತಿಳಿಸಿಲ್ಲ. ಮುಂದೆ ಈ ನಾಟಕ ಎತ್ತಿಕೊಳ್ಳುವವರು ಬೂಟುಗಳನ್ನು ಮಾತ್ರ ಬಾಡಿಗೆಗೆ ತರಬೇಡಿ, ಸೈನ್ಯದ ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ಕೊಂಡುಬಿಡಿ.